ಉದಕ ಅಂದರೆ ನೀರು

ಗೋವಾದ ಫೋಂಡಾ ಪೇಟೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಪೈಪು, ನಳ, ವಾಲ್ವು, ಕಪ್ಪು ಪ್ಲಾಸ್ಟಿಕ್ಕಿನ ನೀರಿನ ಟಾಂಕಿ. ಅಪ್ಪ ಬೆಳಗಾವಿಯಿಂದ ಬಂದು ಶುರು ಮಾಡಿದ್ದು, ನಾನು ಅದೇ ಗಾದಿಯ ಮೇಲೆ ಕೂತು ಮುಂದುವರಿಸಿದ್ದು. ಧಾರವಾಡದಲ್ಲಿ ಕನ್ನಡ ಎಂ.ಎ. ಮಾಡಿದವನು ಟಾಂಕಿ ಮಾರುತ್ತ ಕೂತರೆ ಆ ಎಂ.ಎ. ಎಲ್ಲಿಗೆ ಹೋಗಬೇಕು? ಅದು ಒಳಗೊಳಗೇ ಹುಳಿಯೇರಿ ವರ್ಷಕ್ಕೊಮ್ಮೆ ನಮ್ಮ ಕನ್ನಡ ಸಂಘದ ವೇದಿಕೆಯ ಮೇಲೆ ಉಕ್ಕುತ್ತಿತ್ತು. ಸಂಘದಲ್ಲಿ ನನ್ನನ್ನು ವಿಮರ್ಶಕರು ಅನ್ನುತ್ತಾರೆ. ಮನೆಯಲ್ಲಿ ಹೆಂಡತಿ ಏನನ್ನುತ್ತಾಳೆ ಎಂಬುದನ್ನು ಅಚ್ಚಿಗೆ ಕೊಡಲು ಬರುವುದಿಲ್ಲ.

ನಮ್ಮ ಸಂಘದ ವಾರ್ಷಿಕ ಸಂಚಿಕೆಗೆ ಕಾಣಕೋಣದಿಂದ ಒಬ್ಬ ಹೆಣ್ಣುಮಗಳು ಕವಿತೆ ಕಳಿಸುತ್ತಿದ್ದರು. ಮೂರು ಸಾಲು, ನಾಲ್ಕು ಸಾಲು, ಅಷ್ಟೇ. ಬಹಳ ವರ್ಷಗಳಿಂದ ಕಳಿಸುತ್ತಿದ್ದರೂ ಸಂಘದವರು ಯಾರೂ ಅವರ ಮುಖ ಕಂಡವರಲ್ಲ. ಧಾರವಾಡದ ಬಟ್ಟೆ ವ್ಯಾಪಾರಸ್ಥರ ಮಗಳು, ಕಾಣಕೋಣದ ಅರಿವೆ ಅಂಗಡಿಯವರಿಗೆ ಕೊಟ್ಟಿತ್ತು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ ಎನ್ನುವುದಷ್ಟು ಗೊತ್ತಿತ್ತು. ಸಭೆಗೆ ಕರೆದರೆ 'ಬರಾಕ ಆಗೂದಿಲ್ರಿ' ಎಂಬ ಒಂದೇ ಉತ್ತರ. ಒಂದು ಸಲ ಪರಿಚಯದ ಜೊತೆ ಹಾಕಲು ಫೋಟೋ ಕೇಳಿದ್ದಕ್ಕೆ ತಮ್ಮ ಮನೆಯ ಬಾಗಿಲಿನ ಫೋಟೋ ಕಳಿಸಿದರು. ಬಾಗಿಲು ಮುಚ್ಚಿತ್ತು.

ಮುಚ್ಚಿದ ಆ ಬಾಗಿಲನ್ನು ನೋಡಿ ನಾನು ಕುಣಿದಾಡಿಬಿಟ್ಟೆ. ಯಾರ ಕಣ್ಣಿಗೂ ಬೀಳದ ಕವಿ ಅಂದರೆ ವಿಮರ್ಶಕನಿಗೆ ಹಬ್ಬ. ಎದುರು ಕೂತು 'ನಾ ಹಂಗ ಬರದಿಲ್ರಿ' ಅನ್ನುವವರು ಯಾರೂ ಇರುವುದಿಲ್ಲ. ಏನು ಹೇಳಿದರೂ ನಡೆಯುತ್ತದೆ, ಎಷ್ಟು ಹೊತ್ತು ಹೇಳಿದರೂ ನಡೆಯುತ್ತದೆ. ಈ ವರ್ಷದ ಕಾರ್ಯಕ್ರಮಕ್ಕೆ 'ಏಕಾಂತದ ಕಾವ್ಯ: ವಸ್ತು, ಪ್ರತಿಮೆ, ಶೈಲಿ' ಎಂದು ನಾನೇ ಒಂದು ಉಪನ್ಯಾಸ ಇಟ್ಟುಕೊಂಡೆ. ಯಾರೂ ಬೇಡ ಅನ್ನಲಿಲ್ಲ. ಬೇಕು ಅಂತಲೂ ಅನ್ನಲಿಲ್ಲ, ಅದನ್ನು ನಾನು ಗಮನಿಸಲಿಲ್ಲ.

ಮೊದಲಿಗೆ ಎತ್ತಿಕೊಂಡದ್ದು ಈ ಕವಿತೆ:

ಇಂದೂ ಉದಕ ಬರಲಿಲ್ಲ
ಕೊಡಗಳು ಬಾಯಿ ತೆರೆದು ಕೂತಿವೆ
ಅವುಗಳ ಸಾಲಿನಲ್ಲಿ ನಾನೂ

ನೋಡಿರಿ, ಕವಯಿತ್ರಿ ಇಲ್ಲಿ ನೀರು ಎನ್ನುವುದಿಲ್ಲ, ಉದಕ ಎನ್ನುತ್ತಾರೆ, ಎಂದು ನಾನು ಬೆರಳೆತ್ತಿದೆ. ಗಂಗೋದಕ, ಪಾದೋದಕ, ಸಾಯುವವರ ಬಾಯಿಗೆ ಬಿಡುವ ಕೊನೆಯ ಉದಕ. ಕೊಡ ಎಂದರೆ ಘಟ, ಘಟ ಎಂದರೆ ದೇಹ. ಬಾಯಿ ತೆರೆದ ದೇಹಗಳು ಕೊನೆಯ ಹನಿಗಾಗಿ ಸಾಲಾಗಿ ಕಾದಿವೆ, ಆ ಸಾಲಿನಲ್ಲಿ ಕವಯಿತ್ರಿಯೂ ಕೂತಿದ್ದಾರೆ. ಇದನ್ನು ಹೇಳುವಾಗ ನನಗೇ ಮೈ ಜುಂ ಎಂದಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರು ಕಣ್ಣು ಮುಚ್ಚಿದರು. ಭಾವಾವೇಶ ಎಂದುಕೊಂಡೆ, ಗೊರಕೆ ಆಮೇಲೆ ಕೇಳಿಸಿತು.

ಎರಡನೆಯದು ಇನ್ನೂ ಜೋರಾಗಿತ್ತು:

ಬೇಲಿಯ ಆಚೆಯಿಂದ ಗಾಳಿ ಬಂತು
ನನ್ನ ಹೆಸರು ಹಿಡಿದು
ನನ್ನ ತಾಯಿಯ ಹೆಸರನ್ನೂ

ಬೇಲಿ ಎಂದರೆ ಇಹಪರಗಳ ಗಡಿ ಎಂದೆ. ಆಚೆಯಿಂದ ಬರುವ ಗಾಳಿ ಪಿತೃಲೋಕದ ಕರೆ ಎಂದೆ. ಮೊದಲು ತಾಯಿಯನ್ನು ಕರೆಯಿತು, ಈಗ ಮಗಳನ್ನು ಕರೆಯುತ್ತಿದೆ ಎಂದೆ. ಇನ್ನು ಶೈಲಿ. ಈ ಕವಿತೆಗಳಲ್ಲಿ ಎಲ್ಲಿಯೂ ಪೂರ್ಣವಿರಾಮ ಇಲ್ಲ, ಯಾಕೆಂದರೆ ಕೊನೆಯ ಪೂರ್ಣವಿರಾಮ ಒಂದೇ, ಅದನ್ನು ಕವಯಿತ್ರಿ ಕಾಯ್ದಿರಿಸಿದ್ದಾರೆ ಎಂದೆ. ಬದುಕಿಗೆ ಬೆನ್ನು ತಿರುಗಿಸಿ ಸಾವಿನ ಹೊಸ್ತಿಲಲ್ಲಿ ನಿಂತ ಜೀವದ ಉಸಿರು ಈ ಸಾಲುಗಳಲ್ಲಿದೆ ಎಂದು ಮುಗಿಸಿದಾಗ ಜೋರಾಗಿ ಚಪ್ಪಾಳೆ ಬಿತ್ತು. ಸಾಂಕೋಲೆಯಿಂದ ಟೆಂಪೊ ಮಾಡಿಕೊಂಡು ಬಂದ ನಮ್ಮ ಕಡೆಯ ಮಂದಿ ಹಸಿದಿದ್ದರು. ಊಟ ನನ್ನ ಭಾಷಣದ ಆಚೆ ಇತ್ತು.

ಯಾರೋ ಅದರ ವಿಡಿಯೋ ಮಾಡಿದ್ದರು. ಯಾರೋ ಅದನ್ನು ಊರೆಲ್ಲ ಹರಡಿದರು ಎಂದು ಬರೆಯಬಹುದಿತ್ತು, ಆದರೆ ಹರಡಿದವನು ನಾನೇ. ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಎಲ್ಲಿ ನೆಂಟರಿದ್ದರೋ ಅಲ್ಲೆಲ್ಲ ಕಳಿಸಿದೆ. ಹೆಂಡತಿ ನೋಡುತ್ತಿದ್ದಳು.

“ಆ ಹೆಣ್ಮಗಳಿಗೆ ಹೇಳದಽ ಕೇಳದಽ ಹಂಚಾಕತ್ತೀರಲ್ರೀ” ಎಂದಳು.

“ಸಾಹಿತ್ಯ ಎಲ್ಲಾರದೂ” ಎಂದೆ.

“ನಿಮ್ಮ ಮಾರಿ ಎಲ್ಲಾರದೂ ಆಗಾಕತ್ತೈತಿ, ಅಷ್ಟಽ” ಎಂದು ಒಳಗೆ ಹೋದಳು.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಅಂಗಡಿ ತೆರೆದು ಊದಿನಕಡ್ಡಿ ಹಚ್ಚುತ್ತಿದ್ದಾಗ ಫೋನ್ ಬಂತು. ಗಟ್ಟಿ ದನಿ. ಸಾವಿನ ಹೊಸ್ತಿಲಲ್ಲಿ ನಿಂತವರ ದನಿ ಹಾಗಿರುತ್ತದೆಂದು ನಾನು ಎಣಿಸಿರಲಿಲ್ಲ.

“ನಾ ಕಾಣಕೋಣದಿಂದ ಮಾತಾಡಾಕತ್ತೇನ್ರಿ. ನೀವು ಸಾಯಿಸಿದ್ರಲ್ಲಾ, ಆಕಿ.”

ನಾನು ಎದ್ದು ನಿಂತೆ. ಏನೋ ಒಂದು ಅಂದೆ, ಗೌರವ, ಭಾಗ್ಯ ಎಂಬ ಪದಗಳು ಅದರಲ್ಲಿದ್ದವು.

“ಅದೆಲ್ಲಾ ಇರ್ಲಿರಿ. ಧಾರವಾಡದಾಗ ನಮ್ಮಣ್ಣ ನಿಮ್ಮ ಭಾಷಣ ನೋಡ್ಯಾನ. ತಂಗಿ ಜೀವಾ ಕಳಕೊಳ್ಳಾಕ ಕುಂತಾಳಂತ ಹೆದರಿ ಅಳಾಕತ್ತಾನ. ನಾಳೆ ಕಾರು ತಗೊಂಡು ಬರ್ತಾನಂತ, ನನ್ನ ಕರಕೊಂಡು ಹೋಗಾಕ. ಮನಿಗೆ ಕೀಲಿ ಹಾಕಿ ಬಿಡೂಣು ಅಂತಾನ. ನಾ ಈ ಮನಿ ಬಿಟ್ಟು ಹೋಗಾಕಿ ಅಲ್ರಿ. ಅಲ್ಲಿ ಹತ್ತು ಮಂದಿ ನಡುವ ಕುಂತು ನಾ ಏನು ಬರೀಲಿ? ಒಂದು ಸಾಲು ಬರ್ಯೂದಿಲ್ಲ.”

“ಆದ್ರ ಆ ಉದಕ…” ಎಂದೆ ನಾನು. ಅಂಥ ಹೊತ್ತಿನಲ್ಲೂ ನನ್ನ ಎಂ.ಎ. ಸುಮ್ಮನಿರಲಿಲ್ಲ.

“ಅವತ್ತು ನಳಕ್ಕ ನೀರು ಬಂದಿರಲಿಲ್ರಿ.”

ನಾನು ಕೈಯಲ್ಲಿದ್ದ ಊದಿನಕಡ್ಡಿಯನ್ನು ಕೌಂಟರಿನ ಮೇಲೆ ಇಟ್ಟೆ.

“ಮೂರು ದಿನಾ ಆಗಿತ್ತು. ಇಲ್ಲೆ ಎಲ್ಲಾರೂ ನೀರಿಗೆ ಉದಕ ಅಂತಾರಲ್ರಿ, ಕೊಂಕಣಿಯೊಳಗ. ನನಗೂ ಅದಽ ರೂಢಿ ಆಗೈತಿ. ಕೊಡಾ ಇಟಗೊಂಡು ನಳದ ಮುಂದ ಕುಂತಿದ್ದೆ. ಕುಂತು ಕುಂತು ಬ್ಯಾಸರಾಗಿ ಬರದೆ.”

ಇದನ್ನು ಯಾರೋ ಕಟ್ಟಿ ಹೇಳಿದ ಹಾಗೆ ಕಾಣಬಹುದು, ಆದರೆ ಅದೇ ಹೊತ್ತಿಗೆ ಗಿರಾಕಿಯೊಬ್ಬ ಕೌಂಟರಿಗೆ ಮೊಣಕೈ ಊರಿ 'ಉದಕ ಯೇನಾ, ಬರಿ ಟಾಂಕಿ ದಾಖಯ' ಎಂದ. ನೀರು ಬರುತ್ತಿಲ್ಲ, ಒಳ್ಳೆಯ ಟಾಂಕಿ ತೋರಿಸು ಎಂದರ್ಥ. ಹುಟ್ಟಿದಾಗಿನಿಂದ ಈ ಮಾತು ಕೇಳುತ್ತಿದ್ದೇನೆ. ನನ್ನ ಅನ್ನ ಹುಟ್ಟುವುದೇ ಈ ಮಾತಿನಿಂದ. ಉದಕ ಬಾರದಿದ್ದರೆ ಟಾಂಕಿ ಹೋಗುತ್ತದೆ, ಟಾಂಕಿ ಹೋದರೆ ಮನೆಯಲ್ಲಿ ರೊಟ್ಟಿ ಬೇಯುತ್ತದೆ. ಕೌಂಟರಿನಲ್ಲಿ ನೀರಾಗಿದ್ದ ಪದ ಕಾಗದದ ಮೇಲೆ ಕನ್ನಡ ಅಕ್ಷರದಲ್ಲಿ ಕಂಡದ್ದೇ ತಡ, ನನಗೆ ಮುಕ್ತಿಯಾಗಿ ಕಂಡಿತ್ತು. ಕೈಯಲ್ಲಿ ಬೆಣ್ಣೆ ಹಿಡಿದುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎನ್ನುವ ಗಾದೆ ಮಾಡಿದವರು ನನ್ನಂಥ ಎಂ.ಎ.ಯನ್ನೇ ನೋಡಿರಬೇಕು.

“ಹಂಗಾರ ಗಾಳಿ?” ಎಂದೆ, ಸಣ್ಣ ದನಿಯಲ್ಲಿ.

“ಬೇಲಿ ಆಚೆ ಮನಿಯಾಕಿ ಬೈದಳ್ರಿ. ಕೊಂಕಣಿ ಗಾಳಿ. ಬೈಗಳ. ನಮ್ಮ ಬೆಕ್ಕು ಆಕಿ ಒಣಗಾಕ ಹಾಕಿದ್ದ ಮೀನ ತಿಂದಿತ್ತು. ನಾವು ಮೀನ ಮುಟ್ಟಾವರಲ್ಲ, ಬೆಕ್ಕಿಗೆ ಯಾರು ಹೇಳಬೇಕು? ನನ್ನ ಹೆಸರು ಹಿಡಿದು ಬೈದಳು, ನಮ್ಮವ್ವನ್ನೂ ಬಿಡಲಿಲ್ಲ.”

ಪೂರ್ಣವಿರಾಮದ ಬಗ್ಗೆ ನಾನು ಕೇಳಲಿಲ್ಲ. ಅವರೇ ಹೇಳಿದರು. ಫೋನಿನ ಕೀಲಿಮಣೆಯಲ್ಲಿ ಅದು ಎಲ್ಲಿದೆ ಎಂದು ಅವರಿಗೆ ಸಿಕ್ಕಿರಲಿಲ್ಲವಂತೆ.

“ನೋಡ್ರಿ, ನೀವು ಕಟ್ಟಿದ್ದು ನೀವಽ ಬಿಚ್ಚಬೇಕು. ನಾ ಹೇಳಿದ್ರ ಅಂವ ನಂಬೂದಿಲ್ಲ, ಸಾಯಾಕಿ ಹಂಗಽ ಹೇಳ್ತಾಳ ಅಂತಾನ. ನಾಳೆ ಬರ್ರಿ” ಎಂದು ಫೋನ್ ಇಟ್ಟರು. ಆ ಗಿರಾಕಿಗೆ ನಾನು ಟಾಂಕಿಯ ಮುಚ್ಚಳವನ್ನೇ ಕೊಡದೆ ಕಳಿಸಿದೆನೆಂದು ಆಮೇಲೆ ಗೊತ್ತಾಯಿತು.

ಮರುದಿನ ಹೆಂಡತಿಯೂ ಹೊರಟಳು. ನೀವೊಬ್ಬರೇ ಹೋದರೆ ಅಲ್ಲಿ ಇನ್ನೊಂದು ಭಾಷಣ ಮಾಡಿ ಬರುತ್ತೀರಿ ಎಂಬುದು ಅವಳ ಹೆದರಿಕೆ. ದಾರಿಯುದ್ದಕ್ಕೂ ನಾನು ಕಾರು ಓಡಿಸುತ್ತ ಏನು ಹೇಳಬೇಕೆಂದು ಗಟ್ಟಿ ಮಾಡುತ್ತಿದ್ದೆ. ಪ್ರತಿಮೆಗಳ ಬಹುಸ್ತರೀಯತೆ ಎಂದು ಶುರು ಮಾಡಿದಾಗ ಅವಳು ಕಿಟಕಿಯ ಕಡೆ ತಿರುಗಿ, “ಅವರಣ್ಣ ಅರಿವೀ ಮಾರಾಂವ. ಮೊಳದ ಲೆಕ್ಕದಾಗ ಹೇಳ್ರಿ” ಎಂದಳು.

ಫೋಟೋದಲ್ಲಿದ್ದ ಬಾಗಿಲು ತೆರೆದೇ ಇತ್ತು. ಒಳಗೆ ಟಿ.ವಿ. ಓಡುತ್ತಿತ್ತು. ಬಾಡಿದ ಮುಖದ, ಬಿಳಿ ಸೀರೆಯ, ಶೂನ್ಯದೃಷ್ಟಿಯ ಹೆಂಗಸನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಎದುರಿಗೆ ಬಂದವರು ಹಸಿರು ಇಳಕಲ್ ಸೀರೆಯ, ದಪ್ಪ ಕನ್ನಡಕದ, ಬಾಯಲ್ಲಿ ಅಡಿಕೆ ಹೋಳು ಇಟ್ಟುಕೊಂಡ ಗಟ್ಟಿ ಹೆಂಗಸು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ವಿಡಿಯೋದಾಗ ಎತ್ತರ ಕಾಣ್ತೀರಿ” ಎಂದರು. ಹೆಂಡತಿಗೆ ಅವರು ಆ ಕ್ಷಣಕ್ಕೇ ಹಿಡಿಸಿಬಿಟ್ಟರು.

ಮಂದಿ ಅಂದರೆ ಬೇಸರವೇ ಎಂದು ನಾನು ಕೇಳಿದ್ದಕ್ಕೆ, ಮಂದಿ ಅಂದರೆ ಬೇಸರವಿಲ್ಲ, ಸಭೆ ಅಂದರೆ ಬೇಸರ ಎಂದರು. ಇದನ್ನು ಕೇಳಿದ ಮೇಲೆ ನನ್ನ ಉಪನ್ಯಾಸದ ತಲೆಬರಹವೂ ಹೋಯಿತು.

ಅಣ್ಣ ಹನ್ನೊಂದರ ಹೊತ್ತಿಗೆ ಬಂದರು. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಕಾರಿನ ಹಿಂದುಗಡೆ ಎರಡು ಖಾಲಿ ಟ್ರಂಕು. ಕೆಟ್ಟ ಮನುಷ್ಯನಲ್ಲ. ತಂಗಿಯನ್ನು ನೋಡಿದ ಕೂಡಲೇ ಅವರ ಕಣ್ಣು ತುಂಬಿತು. “ಮ್ಯಾಲಿನ ಖೋಲಿ ಸುಣ್ಣಾ ಬಣ್ಣಾ ಮಾಡಿಸೀನಿ. ಬಾ ಸುಮ್ಮನ. ಇಲ್ಲೆ ಒಬ್ಬಾಕಿನ ಬಿಟ್ಟಿದ್ದಽ ನನ್ನ ತಪ್ಪು” ಎಂದರು. ಕವಯಿತ್ರಿ ನನ್ನ ಕಡೆ ಒಂದು ಸಲ ನೋಡಿದರು, ಅಷ್ಟೇ.

ನಾನು ಕೈಮುಗಿದು, ಭಾಷಣ ಮಾಡಿದವನು ನಾನೇ, ನಾನು ಹೇಳಿದ್ದೆಲ್ಲ ತಪ್ಪು ಎಂದೆ. ಅಣ್ಣ ನಂಬಲಿಲ್ಲ. ಅಷ್ಟು ಓದಿದವರು, ಅಷ್ಟು ಮಂದಿಯ ಮುಂದೆ, ಮೈಕಿನಲ್ಲಿ ತಪ್ಪು ಹೇಳುತ್ತಾರೆಯೇ? ಜೇಬಿನಿಂದ ಫೋನ್ ತೆಗೆದು ವಿಡಿಯೋ ಹಚ್ಚಿದರು. ಆಮೇಲೆ ನಡೆದದ್ದನ್ನು ನನ್ನ ವೈರಿಗೂ ದೇವರು ತರಬಾರದು. ಫೋನಿನಲ್ಲಿ ನಾನು ಬೆರಳೆತ್ತಿ ಒಂದು ವಾಕ್ಯ ಹೇಳುತ್ತಿದ್ದೆ. ಅವರು ಅಲ್ಲಿಗೆ ನಿಲ್ಲಿಸುತ್ತಿದ್ದರು. 'ಇದಕ್ಕೇನಂತೀರಿ?' ಅನ್ನುತ್ತಿದ್ದರು. ಜಗುಲಿಯ ಮೇಲೆ ಕೂತ ನಾನು ಫೋನಿನಲ್ಲಿ ನಿಂತ ನನಗೆ ಉತ್ತರ ಕೊಡಬೇಕಾಗಿತ್ತು. ಅವನು ನನಗಿಂತ ಚೆನ್ನಾಗಿ ಮಾತಾಡುತ್ತಿದ್ದ, ಅದೊಂದು ಸಂಕಟ.

ಉದಕಕ್ಕೆ ಅಂಗಳದ ನಳವನ್ನೇ ತಿರುಗಿಸಿ ತೋರಿಸಿದೆ. ಪುಣ್ಯಕ್ಕೆ ಅವತ್ತೂ ನೀರಿರಲಿಲ್ಲ, ಬುಸ್ ಎಂದಿತು. ಗಾಳಿಗೆ ನಾನು ಕಷ್ಟಪಡಬೇಕಾಗಲಿಲ್ಲ. ಗದ್ದಲ ಕೇಳಿ ಬೇಲಿಯಾಚೆಯ ಹೆಂಗಸು ಇಣುಕಿದಳು, ಬೆಕ್ಕು ಕಣ್ಣಿಗೆ ಬಿತ್ತು, ಶುರು ಮಾಡಿದಳು. ಅಣ್ಣನಿಗೆ ಕೊಂಕಣಿ ಬಾರದು, ಆದರೆ ಬೈಗುಳ ತಿಳಿಯಲು ಭಾಷೆ ಬರಬೇಕಾಗಿಲ್ಲ. ಪೂರ್ಣವಿರಾಮದ ಸರದಿ ಬಂದಾಗ ಹೆಂಡತಿ ಕವಯಿತ್ರಿಯ ಫೋನ್ ಇಸಿದುಕೊಂಡು ಆ ಚುಕ್ಕೆ ಎಲ್ಲಿದೆ ಎಂದು ಹುಡುಕಿ ಕೊಟ್ಟಳು. ಸಾವಿನ ಸಂಕೇತ ಅಲ್ಪವಿರಾಮದ ಪಕ್ಕದಲ್ಲೇ ಇತ್ತು.

ಅಣ್ಣನ ಮುಖ ಅಷ್ಟಿಷ್ಟು ಸಡಿಲವಾಯಿತು. ಆದರೆ ಅವರು ಇನ್ನೊಂದು ಕಡೆ ವಿಡಿಯೋ ನಿಲ್ಲಿಸಿದರು. “ಇದು? ಇದನ್ನ ಕೇಳಿದಾಗಿಂದ ನನಗ ನಿದ್ದಿ ಬಂದಿಲ್ರಿ” ಎಂದರು. ಫೋನಿನಲ್ಲಿ ನಾನು ಓದುತ್ತಿದ್ದೆ:

ಸಂಜೆ ಸಮುದ್ರ ಕರೆಯಿತು
ಚಪ್ಪಲಿ ದಂಡೆಯಲ್ಲಿ ಬಿಟ್ಟು ಹೋದೆ
ಚಪ್ಪಲಿಗಳು ಕಾಯುತ್ತಿದ್ದವು
ತಿರುಗಿ ಬಂದೆ

ಓದಿ ಮುಗಿಸಿ, ಇಲ್ಲಿ ಜೀವ ಸಾವಿನ ತನಕ ಹೋಗಿ ಬಂದಿದೆ, ಇನ್ನೊಮ್ಮೆ ಹೋದರೆ ಬರಲಾರದು, ಎಂದು ಎದೆಯ ಮೇಲೆ ಕೈ ಇಟ್ಟುಕೊಂಡಿದ್ದೆ. ಅವತ್ತು ಆ ಕೈಯನ್ನು ಕತ್ತರಿಸಿ ಹಾಕಬೇಕೆನಿಸಿತು. ಹೆಂಡತಿ ಹೇಳಿದ ಮೊಳದ ಲೆಕ್ಕ ಆಗ ನೆನಪಾಯಿತು.

“ಅಣ್ಣಾರ, ನೀವು ದರ್ಯಾದ ದಂಡಿಗೆ ಹೋದ್ರ ಚಪ್ಲಿ ಎಲ್ಲಿ ಬಿಡ್ತೀರಿ?”

“ದಂಡಿ ಮ್ಯಾಲಽ ಬಿಡ್ತೀವಿ.”

“ಯಾಕ?”

“ತೋಯ್ತಾವಲ್ರಿ. ಉಸುಕು ಹತ್ತತೈತಿ.”

“ನೀರಾಗ ನಿಂತ ಮ್ಯಾಲೆ ಹೊಳ್ಳಿ ಹೊಳ್ಳಿ ಏನು ನೋಡ್ತೀರಿ?”

“ಚಪ್ಲಿ ಅದಾವೋ, ಯಾರಾರ ಒಯ್ದರೋ ಅಂತ.”

“ಅಷ್ಟಽ ರೀ ಕವಿತಾ. ಚಪ್ಲಿ ಸಲುವಾಗಿ ತಿರುಗಿ ಬಂದಾರ. ನಾನೂ ಅಂಗಡಿಯಾಂವ, ನೀವೂ ಅಂಗಡಿಯಾವ್ರು. ಗಿರಾಕಿ ಮುಂದ ಮಾಲು ಹೊಗಳುವಾಗ ಎರಡು ಮಾತು ಹೆಚ್ಚಿಗೆ ಹೋಗ್ತಾವ. ನಂದು ಹತ್ತು ಹೋದುವು.”

ಅಣ್ಣ ನಕ್ಕರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಹೆಂಡತಿಯೂ ನಕ್ಕಳು, ನನ್ನ ಮಾತಿಗೆ ಅವಳು ನಕ್ಕದ್ದು ಅಪರೂಪ. ಕವಯಿತ್ರಿ ಚಹಾ ಸೋಸುತ್ತೇನೆಂದು ಒಳಗೆ ಹೋದರು.

ಊಟ ಮುಗಿಸಿ ಅಣ್ಣ ಖಾಲಿ ಟ್ರಂಕುಗಳನ್ನು ಖಾಲಿಯಾಗಿಯೇ ತಿರುಗಿ ಒಯ್ದರು. ಹೋಗುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು, ತಂಗಿಗೆ ಒಂದು ದೊಡ್ಡ ಟಾಂಕಿ ಕೂಡಿಸಿಕೊಡಿ ಎಂದರು. ನನ್ನ ಇಡೀ ವಿಮರ್ಶೆಯ ಬದುಕಿನಲ್ಲಿ ಯಾರಿಗಾದರೂ ಉಪಯೋಗವಾದದ್ದು ಅದೊಂದೇ.

ಹೆಂಡತಿ ಹಿತ್ತಲಲ್ಲಿ ಬಸಳೆಯ ಕುಡಿ ಕೀಳುತ್ತಿದ್ದಳು. ಜಗುಲಿಯ ಮೇಲೆ ನಾನೂ ಕವಯಿತ್ರಿಯೂ ಇಬ್ಬರೇ ಉಳಿದೆವು. ನನ್ನ ಹುಟ್ಟುಗುಣ ಸುಟ್ಟರೂ ಹೋಗದು. ಗೆದ್ದೆನೆಂಬ ಹಮ್ಮು ಆಗಲೇ ಎದೆಯಲ್ಲಿ ಎದ್ದು ಕೂತಿತ್ತು.

“ಹೆಂಗ ಬಿಚ್ಚಿದೆ ನೋಡ್ರಿ” ಎಂದೆ.

“ಭಾಳ ಚಲೋ ಬಿಚ್ಚಿದ್ರಿ” ಎಂದರು. ಅಡಿಕೆ ಹೋಳನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿಕೊಂಡರು. “ಚಪ್ಲಿದು ಮಾತ್ರ ನೀವು ಸಭಾದಾಗ ಹೇಳಿದ್ದಽ ಖರೇ ಇತ್ತು.”

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಣ್ಣನ ಕಾರು ಇನ್ನೂ ದೂರ ಹೋಗಿರಲಿಕ್ಕಿಲ್ಲ, ಫೋನ್ ಮಾಡಲೇ ಎಂದು ಜೇಬಿಗೆ ಕೈ ಹಾಕಿದೆ. ಅವರು ನೋಡಿದರು.

“ಅಂಜಬ್ಯಾಡ್ರಿ. ಈಗಿಂದಲ್ಲ ಅದು. ನಮ್ಮ ಮನಿಯವರು ತೀರಿಕೊಂಡ ವರ್ಷದ್ದು. ಈಗ ನನಗ ಬೆಕ್ಕು ಐತಿ, ಬೈಯಾಕಿ ಅದಾಳ, ಆರಾಮ ಅದೀನಿ. ನಮ್ಮಣ್ಣಗ ಗೊತ್ತಾದ್ರ ಈ ಮನಿ ಹೋಗತೈತಿ, ಅದಕ್ಕಽ ಸುಮ್ಮನ ಕುಂತೆ.”

“ಆವಾಗ ಯಾರಿಗಾರ ಹೇಳಿದ್ರೇನ್ರಿ?”

“ಬರದು ಕಳಿಸಿದ್ನಲ್ರಿ, ನಿಮ್ಮ ಸಂಘಕ್ಕ. ಅಚ್ಚಾತು. ಎಲ್ಲಾರೂ ಚಲೋ ಐತಿ ಅಂದ್ರು.”

ಬಸಳೆಯ ಕಟ್ಟು ಹಿಡಿದುಕೊಂಡು ಹೆಂಡತಿ ಬಂದಳು, ನಾವು ಹೊರಟೆವು. ಕಾರಿನಲ್ಲಿ ಅವಳು, ಯಾಕೆ ಬಾಯಿ ಬಂದಾಗಿದೆ ಎಂದು ಕೇಳಿದಳು. ಹೇಳಿದೆ.

ಮೊನ್ನೆ ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಅವರ ಹೊಸ ಕವಿತೆ ಬಂತು, ಸಂಘಕ್ಕಲ್ಲ, ನನ್ನ ಫೋನಿಗೇ. ಹೆಸರು ಕಂಡ ಕೂಡಲೇ, ಕವಿತೆಯನ್ನು ತೆರೆಯದೆ ಅವರಿಗೆ ಫೋನ್ ಹಚ್ಚಿದೆ. ಗಂಟೆ ಬಾರಿಸುತ್ತಲೇ ಇತ್ತು, ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಮೂರನೆಯ ಸಲ ಎತ್ತಿದರು. ಹಿತ್ತಲಲ್ಲಿದ್ದರಂತೆ.

“ಆರಾಮ ಅದೀರೇನ್ರಿ?” ಎಂದೆ.

“ಆರಾಮ ಅದೀನ್ರಿ. ಕವಿತಾ ಹೆಂಗೈತಿ?”

“ಇನ್ನಾ ಓದಿಲ್ರಿ” ಎಂದೆ.

ಆ ಕಡೆ ಅಡಿಕೆ ಹೋಳು ದವಡೆ ಬದಲಿಸಿದ ಸದ್ದು ಕೇಳಿಸಿತು. ಆಮೇಲೆ, “ಸಾವಕಾಶ ಓದ್ರಿ” ಎಂದರು.